ಸುನಂದಾಳ ಗಿರಣಿಯಲ್ಲಿ ಖಾಲಿ ಸೀಡಿ

ಮುಳವಾಡದಲ್ಲಿ ಸುನಂದಾಳ ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಿಂದ ಇಳಿದರೆ ಮೊದಲು ಮೋಟರಿನ ಸದ್ದು ಕೇಳುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಆ ಸದ್ದಿನ ಹೆಗಲೇರಿ ಕುಳಿತ ಹಾಡು ಕೇಳುತ್ತದೆ. ಇನ್ನೂ ಹತ್ತಿರ ಹೋದರೆ, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಅಗಲ ಮುಖದ ಹೆಂಗಸೊಬ್ಬಳು ಜೋಳದ ಡಬ್ಬಿಯನ್ನು ಎತ್ತಿ ಸುರಿಯುತ್ತ, ಬಂದವರ ಜೊತೆ ಕೈಸನ್ನೆಯಲ್ಲೇ ಜಗಳವಾಡುತ್ತಿರುತ್ತಾಳೆ. ಅವಳೇ ಸುನಂದಾ.

ತಾಂಬಾದ ಹುಡುಗಿ ಅವಳು. ಅಪ್ಪ ಡೊಳ್ಳಿನ ಪದದ ಮೇಳದಲ್ಲಿದ್ದವನು. ಎರಡು ಮೇಳಗಳು ಎದುರುಬದುರು ನಿಂತು, ಒಬ್ಬರು ಪದದಲ್ಲಿ ಪ್ರಶ್ನೆ ಎಸೆದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡುವ ಆ ಪಂದ್ಯಗಳನ್ನು ಅವಳು ಅವ್ವನ ಸೆರಗಿನ ಮರೆಯಲ್ಲಿ ಕೂತು ಕೇಳುತ್ತ ಬೆಳೆದಳು. ಮುಳವಾಡದ ಶ್ರೀಶೈಲನಿಗೆ ಕೊಟ್ಟು ಮದುವೆ ಮಾಡಿದರು. ಶ್ರೀಶೈಲನಿಗೆ ಹೊಲವೇ ಪ್ರಪಂಚ. ಗಿರಣಿ ನಡೆಸುತ್ತಿದ್ದವಳು ಅತ್ತೆ ಲಕ್ಕವ್ವ. ಸೊಸೆಯ ರಟ್ಟೆ ನೋಡಿ ಖುಷಿಪಟ್ಟ ಲಕ್ಕವ್ವ, ಮದುವೆಯ ಹಸಿರು ಬಳೆ ಇನ್ನೂ ಮಾಸುವ ಮೊದಲೇ ಗಿರಣಿಯ ಕೀಲಿಯನ್ನು ಅವಳ ಕೈಗಿಟ್ಟು, ತಾನು ಕಟ್ಟೆಯ ಮೇಲೆ ಕೂತು ಊರ ಸುದ್ದಿ ನೋಡಿಕೊಳ್ಳತೊಡಗಿದಳು.

ಗಿರಣಿಗೆ ಬಂದ ಮೇಲೆ ಸುನಂದಾಳ ಹಾಡಿನ ಹುಚ್ಚಿಗೆ ಹೊಸ ತೊಂದರೆ ಶುರುವಾಯಿತು. ರೇಡಿಯೋ ತಂದಳು, ಅದು ಹಿಟ್ಟು ನುಂಗಿ ಉಸಿರುಗಟ್ಟಿ ಸತ್ತಿತು. ಟೇಪು ತಂದಳು, ಅದು ಹಾಡನ್ನೇ ರುಬ್ಬಿ ಹೊರಗೆ ಹಾಕಿತು. ಕೊನೆಗೆ ಬಂದದ್ದು ದೊಡ್ಡ ಸ್ಪೀಕರಿನ ಸೀಡಿ ಪ್ಲೇಯರು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಾಣಂತಿಯಂತೆ ಸುತ್ತಿ, ಮೇಲಿನ ಮಾಡದಲ್ಲಿಟ್ಟು, ದಿನಾ ಒರೆಸುತ್ತ ಬಂದಳು. ಅದು ಬದುಕಿತು.

ಹೀಗಾಗಿ ಹಾಡುಗಾರರನ್ನು ಅಳೆಯುವ ಅವಳ ಲೆಕ್ಕವೇ ಬೇರೆಯಾಯಿತು. ರಾಗ, ತಾಳ, ಸಾಹಿತ್ಯ ಎಲ್ಲ ಆಮೇಲೆ. ಮೊದಲು ಗಿರಣಿಯ ಸದ್ದನ್ನು ಮೀರಿ ದನಿ ಬರಬೇಕು. ಬಂದರೆ ಅದು ದನಿ, ಬರದಿದ್ದರೆ ಅದು ಗೊಣಗಾಟ. ಈ ಪರೀಕ್ಷೆಯಲ್ಲಿ ಪಾಸಾದವರು ಬಹಳ ಜನವಿಲ್ಲ. ಎಲ್ಲರಿಗಿಂತ ಮೇಲೆ ನಿಂತವಳು ಡೊಳ್ಳಿನ ಪದದ ರೇವವ್ವ ಹೊರ್ತಿ. ರೇವವ್ವ ಬಾಯಿ ತೆರೆದರೆ ಮೋಟರೂ ಒಂದು ಕ್ಷಣ ಹಿಂಜರಿದಂತೆ ಸುನಂದಾಳಿಗೆ ಅನಿಸುತ್ತಿತ್ತು.

ಹೀಗಿರುವಾಗ ಮುಳವಾಡದ ಹೈಸ್ಕೂಲಿಗೆ ಪಂಢರಿನಾಥ ಎಂಬ ಮಾಸ್ತರರು ಬಂದರು. ಇಂಡಿಯ ಕಡೆಯವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಹೆಂಡತಿ ತುಳಸೀಬಾಯಿ ಇಂಡಿಯಲ್ಲೇ ಅಂಗನವಾಡಿ ಮೇಲ್ವಿಚಾರಕಿ. ಇಲ್ಲಿ ಮಾಸ್ತರರದು ಒಂಟಿ ಸಂಸಾರ, ಹಾಗಾಗಿ ಗೋಧಿ ಬೀಸಿಸಲು ತಾವೇ ಚೀಲ ಹಿಡಿದು ಬರುತ್ತಿದ್ದರು. ಬಂದ ಮೊದಲ ದಿನವೇ ರೇವವ್ವನ ಹಾಡು ಕೇಳಿ ಮುಖ ಕಿವುಚಿದರು. ಬೀಸುವುದು ಮುಗಿದು ಮೋಟರು ನಿಂತ ಕೂಡಲೇ ಕೇಳಿಯೂ ಕೇಳಿದರು.

“ಅಕ್ಕಾರ, ಈಕಿ ಹಾಡಾಕತ್ತಾಳೋ, ಜಗಳಾಡಾಕತ್ತಾಳೋ?”

“ಎರಡೂ ಕೂಡೇ ಮಾಡಾಕ ಬರ್ತೈತಿ ಅಂತನ ಆಕಿ ದೊಡ್ಡಾಕಿ ಆಗ್ಯಾಳ್ರಿ ಸರ,” ಎಂದಳು ಸುನಂದಾ.

ಮರುದಿನ ಮಾಸ್ತರರು ಗೋಧಿ ಇಲ್ಲದೆಯೇ ಬಂದರು. ಕೈಯಲ್ಲಿ ಒಂದು ಸೀಡಿ. ಮಾಧವಬುವಾ ಸಾಂಗೋಲೆಕರ ಎಂಬ ಅಭಂಗ ಹಾಡುಗಾರರದು. ಸಂಗೀತ ಅಂದರೆ ಇದು, ಮನಸ್ಸಿಟ್ಟು ಕೇಳಿ ನೋಡಿ ಎಂದು ಕೊಟ್ಟು ಹೋದರು. ಸುನಂದಾ ಮನಸ್ಸೇನೋ ಇಟ್ಟಳು. ಜೊತೆಗೆ ಜೋಳ ಹಾಕಿ ಮೋಟರನ್ನೂ ಚಾಲೂ ಮಾಡಿದಳು. ಸೀಡಿ ತಿರುಗಿತು, ಅಂಕಿ ಓಡಿತು, ಹಾಡು ಮಾತ್ರ ಬರಲಿಲ್ಲ. ವಾಲ್ಯೂಮಿನ ಗುಂಡಿಯನ್ನು ಮುರಿಯುವಷ್ಟು ತಿರುಗಿಸಿದರೂ ದೂರದಲ್ಲಿ ಯಾರೋ ಕಂಬಳಿ ಹೊದ್ದು ನರಳಿದಂತೆ ಕೇಳಿತು. ಸಂಜೆ ಮಾಸ್ತರರಿಗೆ ಸೀಡಿ ವಾಪಸು ಕೊಡುತ್ತ ಬಹಳ ಮರ್ಯಾದೆಯಿಂದ ಹೇಳಿದಳು:

“ಸರ, ನಿಮ್ಮ ಸೀಡಿ ಖಾಲಿ ಐತ್ರಿ.”

ಆ ಮಾತು ಮಾಸ್ತರರಿಗೆ ನಾಟಿತು. ಅಂದಿನಿಂದ ಅವರಿಬ್ಬರ ನಡುವೆ ಸೀಡಿಗಳ ಲಡಾಯಿ ಶುರುವಾಯಿತು. ಅವರು ಬುವಾನ ಅಭಂಗಗಳನ್ನು ಆರಿಸಿ ಆರಿಸಿ ಒಂದು ಸೀಡಿ ಮಾಡಿಸಿಕೊಟ್ಟರೆ, ಇವಳು ರೇವವ್ವನ ಪದಗಳ ಸೀಡಿಯಲ್ಲಿ ಉತ್ತರ ಕೊಡುತ್ತಿದ್ದಳು. ಮಾಸ್ತರರಿಗೆ ಇಂಡಿಗೆ ವರ್ಗವಾದರೂ ಲಡಾಯಿ ನಿಲ್ಲಲಿಲ್ಲ. ಇಂಡಿ ಕಡೆ ಹೋಗುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಸೀಡಿ ಹೋಗುತ್ತಿತ್ತು, ಅಲ್ಲಿಂದ ಬರುವ ಬಸ್ಸಿನಲ್ಲಿ ಬರುತ್ತಿತ್ತು.

ಈ ನಡುವೆ ಇನ್ನಿಬ್ಬರು ಸೇರಿಕೊಂಡರು. ಸೀಡಿಗೆ ಹಾಡು ತುಂಬಿಸಲು ಮಾಸ್ತರರು ಹೋಗುತ್ತಿದ್ದದ್ದು ಸಿಂದಗಿಯ ಯಾಸ್ಮಿನಳ ಫೋಟೋ ಸ್ಟುಡಿಯೋಕ್ಕೆ. ಯಾಸ್ಮಿನ ಕವ್ವಾಲಿಯ ಹುಚ್ಚಿ. ಫಿರ್ದೋಸ್ ಜಹಾಂ ಎಂಬ ಹಾಡುಗಾರ್ತಿ ಎಂದರೆ ಊಟ ಬಿಡುವಾಕೆ. ಮಾಸ್ತರರ ಅಭಂಗಗಳ ಕೊನೆಯಲ್ಲಿ ಹೇಳದೆ ಕೇಳದೆ ತನ್ನದೊಂದು ಕವ್ವಾಲಿಯನ್ನು ಸೇರಿಸಿಬಿಡುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಬುವಾ ಮುಳುಗಿಹೋದ ಮೇಲೆ ಇದ್ದಕ್ಕಿದ್ದಂತೆ ಚಪ್ಪಾಳೆಯ ಜೊತೆ ಫಿರ್ದೋಸ್ ಜಹಾಂ ಎದ್ದು ಬರುತ್ತಿದ್ದಳು. ಸುನಂದಾ ಅದನ್ನು ಬುವಾನ ಹಾಡೆಂದೇ ತಿಳಿದು, ಬುವಾ ಕೊನೆಗೊಮ್ಮೆ ಸುಧಾರಿಸಿದ್ದಾರೆ, ದನಿ ಮಾತ್ರ ಹೆಣ್ಣಿನ ಹಾಗಿದೆ ಎಂದು ಮಾಸ್ತರರಿಗೆ ಹೇಳಿ ಕಳಿಸಿದಳು. ಆಗ ಯಾಸ್ಮಿನಳ ಕಳ್ಳತನ ಬಯಲಾಯಿತು. ಬೈಯಲು ಫೋನು ಮಾಡಿದ ಸುನಂದಾ ಅರ್ಧ ಗಂಟೆ ಮಾತಾಡಿ ಗೆಳತಿಯಾದಳು.

ಇನ್ನೊಬ್ಬ ಮುದ್ದೇಬಿಹಾಳದ ಖಂಡೆಪ್ಪ. ಮದುವೆ ಮುಂಜಿಗಳಿಗೆ ಶಾಮಿಯಾನ, ಮೈಕ್ ಸೆಟ್ ಬಾಡಿಗೆ ಕೊಡುವವನು. ಹಳೆಯ ಕಂಪನಿ ನಾಟಕದ ಹಾಡೆಂದರೆ ಪ್ರಾಣ. ಮುಳವಾಡದ ಒಂದು ಮದುವೆಗೆ ಬಂದಾಗ, ತನ್ನ ನಾಲ್ಕು ಹಾರ್ನುಗಳನ್ನು ಸೋಲಿಸುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಗಿರಣಿಗೆ ಬಂದವನು, ಹೋಗುವಾಗ ರೇವವ್ವನ ಒಂದು ಸೀಡಿ ತೆಗೆದುಕೊಂಡು ಹೋದ. ಅದನ್ನು ಮರಳಿ ಕಳಿಸುವಾಗ ನಾಟಕದ ಹಾಡುಗಳದ್ದೂ ಒಂದು ಜೊತೆಗೆ ಕಳಿಸಿದ.

ಕಾಲ ಕಳೆದು ಪೆನ್‌ಡ್ರೈವ್ ಬಂತು, ಎಲ್ಲರ ಕೈಗೂ ಮೊಬೈಲು ಬಂತು, ಬೇಕಾದ ಹಾಡು ಬೇಕಾದಾಗ ಸಿಗತೊಡಗಿತು. ಈ ನಾಲ್ವರು ಮಾತ್ರ ಸೀಡಿ ಬಿಡಲಿಲ್ಲ. ಮಾಸ್ತರರ ಹಳೆಯ ಕಾರಿನಲ್ಲಿ ಸೀಡಿ ಬಿಟ್ಟು ಬೇರೇನೂ ಓಡುತ್ತಿರಲಿಲ್ಲ. ಸುನಂದಾಳ ಗಿರಣಿಯಲ್ಲಿ ಮೊಬೈಲಿನ ದನಿ ಸೊಳ್ಳೆಯಷ್ಟೂ ಕೇಳುತ್ತಿರಲಿಲ್ಲ. ಖಾಲಿ ಸೀಡಿ ಸಿಗುವುದೇ ಕಷ್ಟವಾದಾಗ ಯಾಸ್ಮಿನ ಅವನ್ನು ಸೋಲಾಪುರದಿಂದ ತರಿಸುತ್ತಿದ್ದಳು. ಅಲ್ಲದೆ ಯಾರೋ ಕೂತು, ಇದು ಅವರಿಗೆ ಹಿಡಿಸೀತೇ ಎಂದು ಯೋಚಿಸಿ, ಒಂದಾದ ಮೇಲೆ ಒಂದು ಹಾಡು ಜೋಡಿಸಿ ಕಳಿಸಿದ ಸೀಡಿಯ ರುಚಿ ಬೇರೆ.

ಒಂದೇ ಒಂದು ಒಪ್ಪಂದವಿತ್ತು. ಬಂದ ಸೀಡಿಯನ್ನು ಪೂರ್ತಿ ಕೇಳಿ ಯಾವ ಹಾಡು ಹಿಡಿಸಿತು ಎಂದು ಹೇಳಲೇಬೇಕು. ಉಳಿದ ಮೂವರೂ ಅದನ್ನು ಪಾಲಿಸುತ್ತಿದ್ದರು. ಸುನಂದಾಳೂ ಯಾಸ್ಮಿನ ಮತ್ತು ಖಂಡೆಪ್ಪನ ಸೀಡಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮಾಸ್ತರರದು ಬಂದಾಗ ಮಾತ್ರ ಪ್ರತಿ ಸಲವೂ ಒಂದೇ ಉತ್ತರ: ಮೂರನೆಯದು ಬಹಳ ಚಲೋ ಇದೆ. ಮಾಸ್ತರರು ವರ್ಷಗಟ್ಟಲೆ ಅದನ್ನು ನಂಬಿ ಸಂತೋಷಪಟ್ಟರು. ಆಮೇಲೆ ಒಂದು ಸಲ ಅವರು ಬುವಾನ ಕಛೇರಿಯೊಂದನ್ನು ಇದ್ದ ಹಾಗೆಯೇ ತುಂಬಿಸಿ ಕಳಿಸಿದರು. ಸುನಂದಾ ಫೋನು ಮಾಡಿ ಮೂರನೆಯದು ಕೇಳಿ ಕಣ್ಣಲ್ಲಿ ನೀರು ಬಂತು ಎಂದಳು. ಆ ಸೀಡಿಯ ಮೂರನೆಯದರಲ್ಲಿ ಹಾಡೇ ಇರಲಿಲ್ಲ. ಬುವಾ ಕೆಮ್ಮಿ, ನೀರು ಕುಡಿದು, ತಬಲಾದವನಿಗೆ ಏನೋ ಹೇಳಿದ್ದಷ್ಟೇ ಇತ್ತು.

ಮಾಸ್ತರರು ಅವತ್ತು ಸಿಟ್ಟಾಗಲಿಲ್ಲ, ಅದಕ್ಕಿಂತ ಹೆಚ್ಚಿನದೇನನ್ನೋ ಮಾಡಿದರು. ಮುಂದಿನ ಸೋಮವಾರ ಎಲ್ಲರೂ ಮುಳವಾಡಕ್ಕೆ ಬರುತ್ತೇವೆ, ಗಿರಣಿಯಲ್ಲೇ ಕೂತು ನಾಲ್ವರ ಹಾಡುಗಳನ್ನೂ ಕೇಳೋಣ, ಆಮೇಲೆ ನಿಮ್ಮ ಬಾಯಿಂದಲೇ ತೀರ್ಪು ಬರಲಿ ಎಂದರು. ಸೋಮವಾರ ಬಸವಣ್ಣನ ವಾರ. ಆವತ್ತು ಗಿರಣಿ ಬಂದ್.

ಸುನಂದಾ ಒಂದು ದಿನ ಮೊದಲೇ ಗಿರಣಿಯನ್ನು ತೊಳೆದು ಜಮಖಾನೆ ಹಾಸಿದಳು. ಶೇಂಗಾ ಹೋಳಿಗೆ ಮಾಡಿದಳು. ಮಾಸ್ತರರ ಕಾರು ಇಂಡಿಯಿಂದ ಹೊರಟು, ಸಿಂದಗಿಯಲ್ಲಿ ಯಾಸ್ಮಿನಳನ್ನು ಹತ್ತಿಸಿಕೊಂಡು, ಬಸವನ ಬಾಗೇವಾಡಿಯಲ್ಲಿ ಒಮ್ಮೆ ಪಂಕ್ಚರಾಗಿ ಬಂದು ಮುಟ್ಟಿತು. ತುಳಸೀಬಾಯಿಯೂ ಬಂದಿದ್ದರು. ಇಷ್ಟು ವರ್ಷ ಗಂಡನ ಬಾಯಲ್ಲಿ ಈ ಸುನಂದಾಳ ಹೆಸರು ಕೇಳಿ ಕೇಳಿ, ಒಮ್ಮೆ ನೋಡಿಬಿಡೋಣ ಎಂದು ಬಂದವರು. ಖಂಡೆಪ್ಪ ನಿಡಗುಂದಿಯಲ್ಲಿ ಬಸ್ಸು ಬದಲಿಸಿ, ಬಗಲಲ್ಲೊಂದು ಸ್ಪೀಕರು ಹೊತ್ತು ಬಂದ.

ಊಟವಾಯಿತು. ಮೊದಲು ರೇವವ್ವನದು ಹಾಕಿದರು. ಮೋಟರಿಲ್ಲದ ಗಿರಣಿಯಲ್ಲಿ ರೇವವ್ವ ಗೋಡೆಗೋಡೆಗೆ ಬಡಿದಳು. ಮಾಸ್ತರರು ಹಲ್ಲು ಕಚ್ಚಿ ಕೂತಿದ್ದರು. ಫಿರ್ದೋಸ್ ಜಹಾಂ ಆಯಿತು, ನಾಟಕದ ಹಾಡಾಯಿತು. ಕೊನೆಗೆ ಮಾಸ್ತರರು ಎದ್ದು ಬಾಗಿಲು ಮುಂದೆ ಮಾಡಿ, ಬುವಾನ ಸೀಡಿಯನ್ನು ಧೋತರದ ಅಂಚಿನಿಂದ ಒರೆಸಿ ಹಾಕಿದರು.

ಎಲ್ಲರೂ ಕಣ್ಣು ಮುಚ್ಚಿದರು. ಸುನಂದಾಳೂ ಮುಚ್ಚಿದಳು. ಸ್ವಲ್ಪ ಹೊತ್ತು ಕಾದಳು. ಏನೂ ಶುರುವಾಗಲಿಲ್ಲ. ಒಂದು ಕಣ್ಣು ತೆರೆದು ನೋಡಿದಳು. ಯಾಸ್ಮಿನ ತಲೆದೂಗುತ್ತಿದ್ದಳು. ತುಳಸೀಬಾಯಿಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಯಾವತ್ತೂ ಬಾಯಿ ಮುಚ್ಚದ ಖಂಡೆಪ್ಪ ಬಾಯಿ ಮುಚ್ಚಿಕೊಂಡು ಕೂತಿದ್ದ. ಪ್ಲೇಯರಿನ ಮೇಲೆ ಅಂಕಿಗಳು ಓಡುತ್ತಿದ್ದವು. ಇವರೆಲ್ಲ ಸೇರಿ ನನ್ನ ಚೇಷ್ಟೆ ಮಾಡುತ್ತಿದ್ದಾರೆ, ನಿಜವಾಗಿಯೂ ಖಾಲಿ ಸೀಡಿ ಹಾಕಿ ತಲೆದೂಗುತ್ತಿದ್ದಾರೆ ಎಂದು ಸುನಂದಾಳಿಗೆ ಖಾತ್ರಿಯಾಯಿತು. ಮಾಡಲಿ, ನಾನೇನು ಕಡಿಮೆ ಎಂದು ಅವಳೂ ತಲೆದೂಗಿದಳು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ. ಆಮೇಲೆ ಮಾಸ್ತರರು ಕಣ್ಣು ತೆರೆದದ್ದು ಕಂಡು ಹಾಡು ಮುಗಿದಿರಬೇಕೆಂದುಕೊಂಡು, ಭಾಳ ಚಲೋ ಹಾಡಿದರು ಎಂದು ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು.

ಎಲ್ಲರೂ ಅವಳತ್ತ ತಿರುಗಿ ನೋಡಿದರು. ಬುವಾ ಆಗ ಪದದ ನಟ್ಟನಡುವೆ ಇದ್ದರು.

ಮಾಸ್ತರರು ಎದ್ದು ವಾಲ್ಯೂಮು ಹೆಚ್ಚಿಸಿ, ಅವಳ ಮುಖ ನೋಡಿದರು. ಇನ್ನೂ ಹೆಚ್ಚಿಸಿದರು. ಸುನಂದಾ ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದಳು. ಲಕ್ಕವ್ವನಿಗೆ ಕಿವಿ ಹೋಗಿ ಬಹಳ ವರ್ಷಗಳಾಗಿದ್ದವು. ಹಾಡು ನಡೆಯುತ್ತಿದ್ದರೆ ಅವಳು ಜನರ ಮುಖ ನೋಡುತ್ತ ಕೂರುತ್ತಿದ್ದಳು. ಈಗ ಸೊಸೆಯ ಮುಖ ನೋಡಿದ ಲಕ್ಕವ್ವ ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಮೆಲ್ಲಗೆ ತಲೆಯಾಡಿಸಿದಳು. ನಿನಗೂ ಆಯಿತೇ ಎಂಬಂತೆ.

ಸುನಂದಾ ಎದ್ದು ಸ್ಪೀಕರಿನ ಮೇಲೆ ಅಂಗೈ ಇಟ್ಟು ನೋಡಿದಳು, ಅದು ನಡುಗುತ್ತಿತ್ತು. ಆಮೇಲೆ ಹೇಳಿದಳು: “ಸರ, ಖರೇ ಹೇಳ್ತೇನಿ. ನನಗ ಏನೂ ಕೇಳಿಸವಲ್ದು.”

ಯಾಸ್ಮಿನ ಎದ್ದು ಪ್ಲೇಯರು ನಿಲ್ಲಿಸಿದಳು. ಆಮೇಲೆ ಖಂಡೆಪ್ಪ, ತಾನು ಹಾರ್ನಿನ ಕೆಳಗೆ ಮಲಗಿ ಮಲಗಿ ಎಡಗಿವಿಯನ್ನು ಎಂದೋ ಕಳಕೊಂಡಿದ್ದೇನೆ, ಅದಕ್ಕೇ ಯಾವಾಗಲೂ ಎಲ್ಲರ ಎಡಕ್ಕೆ ಕೂರುತ್ತೇನೆ, ಯಾರಾದರೂ ಗಮನಿಸಿದ್ದೀರಾ ಎಂದು ಕೇಳಿದ. ಯಾರೂ ಗಮನಿಸಿರಲಿಲ್ಲ. ಅವನು ಬಿಜಾಪುರದ ಒಬ್ಬ ಕಿವಿ ಡಾಕ್ಟರರ ಹೆಸರು ಹೇಳಿದ.

ಅವರೆಲ್ಲ ಹೋದ ಮೇಲೆ ಸುನಂದಾ ಮೊದಲು ಸಿಟ್ಟಾದಳು, ಆಮೇಲೆ ಹಟ ಹಿಡಿದಳು. ಕಿವಿಗೆ ಮಷೀನು ಹಾಕಿಕೊಂಡರೆ ಮುದುಕಿಯಾದೆ ಅಂತಾರೆ ಎಂದಳು. ತನಗೇನೂ ಆಗಿಲ್ಲ, ಈಗಿನ ಮಂದಿಯೇ ಗುಸುಗುಸು ಮಾತಾಡುವುದು ಕಲಿತಿದ್ದಾರೆ ಎಂದಳು. ಯಾಸ್ಮಿನ ದಿನಾ ಫೋನು ಮಾಡಿ ಕಾಡಿದಳು, ಬೇಕೆಂದೇ ಮೆಲ್ಲಗೆ ಮಾತಾಡಿ ಸತಾಯಿಸಿದಳು. ಸುನಂದಾಳ ಹಟ ಮುರಿದದ್ದು ಮಾತ್ರ ಒಂದೇ ಯೋಚನೆಗೆ. ಮಾಸ್ತರರ ಇಷ್ಟು ವರ್ಷಗಳ ಸೀಡಿಗಳು ಒಂದು ಟ್ರಂಕಿನ ತುಂಬ ಇದ್ದವು. ಅದರೊಳಗೆ ಏನಿದೆ ಎಂದು ತನಗೆ ಗೊತ್ತೇ ಇಲ್ಲವಲ್ಲ ಎಂಬುದು ಹಿಟ್ಟಿನೊಳಗಿನ ಹರಳಿನಂತೆ ಅವಳನ್ನು ಚುಚ್ಚತೊಡಗಿತು.

ಶ್ರೀಶೈಲ ಬಿಜಾಪುರಕ್ಕೆ ಕರೆದುಕೊಂಡು ಹೋದ. ಡಾಕ್ಟರರು ಪರೀಕ್ಷೆ ಮಾಡಿ, ಗಿರಣಿಯ ಸದ್ದು ಕಿವಿಯನ್ನು ತಿಂದಿದೆ ಎಂದರು. ಸಣ್ಣ ಮಷೀನುಗಳನ್ನು ಹೊಂದಿಸಿ ಕೊಟ್ಟು, ಗಿರಣಿ ನಡೆಯುವಾಗ ಅವನ್ನು ತೆಗೆದಿಟ್ಟು ಕಿವಿಯನ್ನು ಪೂರ್ತಿ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಉಳಿದದ್ದೂ ಹೋಗುತ್ತದೆ ಎಂದು ಗದರಿದರು.

ವಾಪಸು ಬರುವ ಬಸ್ಸಿನಲ್ಲಿ ಸುನಂದಾಳಿಗೆ ಒಂದು ಆಶ್ಚರ್ಯ ಕಾದಿತ್ತು. ತನ್ನ ಗಂಡ ಮಾತು ಕಡಿಮೆಯ ಮನುಷ್ಯ, ವಯಸ್ಸಾದಂತೆ ಇನ್ನೂ ಮೌನಿಯಾಗಿದ್ದಾನೆ ಎಂದೇ ಅವಳು ಎಲ್ಲರಿಗೂ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ಶ್ರೀಶೈಲ ಈಗ ಒಂದೇ ಸಮನೆ ಮಾತಾಡುತ್ತಿದ್ದ. ಕಂಡಕ್ಟರ ಸರಿಯಿಲ್ಲ, ಬಿಸಿಲು ಸರಿಯಿಲ್ಲ, ಕಾಲುವೆಗೆ ನೀರು ಬಿಡುವವರು ಸರಿಯಿಲ್ಲ, ಮುಂಜಾನೆಯ ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚು, ಈಕೆಗೆ ಹೇಳಿದರೆ ಮನೆ ತಲೆಕೆಳಗು ಮಾಡುತ್ತಾಳೆ. ಸುನಂದಾ ಕಿಟಕಿಯ ಆಚೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಊರು ಬರುವ ಹೊತ್ತಿಗೆ ನಿಧಾನವಾಗಿ ಕೇಳಿದಳು:

“ಉಪ್ಪಿಟ್ಟಿನ್ಯಾಗ ಉಪ್ಪು ಹೆಚ್ಚಾಗಿತ್ತೇನ್ರಿ?”

ಶ್ರೀಶೈಲನ ಬಾಯಿ ತೆರೆದೇ ಉಳಿಯಿತು. ಅದಾದ ಮೇಲೆ ಹಲವು ದಿನ ಅವನು ನಿಜವಾಗಿಯೂ ಮೌನಿಯಾಗಿದ್ದ.

ಮುಂದಿನ ಸೋಮವಾರ ಸುನಂದಾ ಗಿರಣಿಯ ಬಾಗಿಲು ಹಾಕಿಕೊಂಡು ಟ್ರಂಕು ತೆರೆದಳು. ಕೈಗೆ ಸಿಕ್ಕಿದ ಬುವಾನ ಸೀಡಿಯೊಂದನ್ನು ಹಾಕಿದಳು. ಮೊದಲು ಕೇಳಿದ್ದು ತಂಬೂರಿ. ಆಮೇಲೆ ಯಾರದೋ ಬಳೆಯ ಸದ್ದು, ಒಂದು ಸಣ್ಣ ಕೆಮ್ಮು. ಆಮೇಲೆ ಬುವಾ. ರೇವವ್ವನ ಹಾಡು ಮನೆಗೆ ನುಗ್ಗಿ ಬಂದು ಕೈ ಹಿಡಿದೆಳೆಯುತ್ತಿತ್ತು. ಬುವಾ ಹಾಗಲ್ಲ, ತಮ್ಮ ಪಾಡಿಗೆ ಕಟ್ಟೆಯ ಮೇಲೆ ಕೂತವರಂತೆ ಹಾಡುತ್ತಿದ್ದರು, ಬೇಕಿದ್ದರೆ ನಾವೇ ಹೋಗಿ ಪಕ್ಕದಲ್ಲಿ ಕೂರಬೇಕು. ಸುನಂದಾ ಹೋಗಿ ಕೂತಳು. ಆ ದಿನ ಒಲೆ ಹಚ್ಚುವುದನ್ನೂ ಮರೆತು ಒಂದಾದ ಮೇಲೆ ಒಂದು ಸೀಡಿ ಹಾಕಿದಳು. ಮಾಸ್ತರರು ಇವನ್ನೆಲ್ಲ ತನಗಾಗಿ ಆರಿಸಿ ಆರಿಸಿ ಕಳಿಸಿದ್ದರು, ತಾನು ಮೂರನೆಯದು ಚಲೋ ಎನ್ನುತ್ತ ಕೂತಿದ್ದೆನಲ್ಲ ಎಂದು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಸಂಜೆ ಇಂಡಿಗೆ ಫೋನು ಮಾಡಿದಳು.

“ಸರ, ಕೇಳಿದೆ. ಚಲೋ ಹಾಡ್ತಾರ್ರಿ ನಿಮ್ಮ ಬುವಾ.” ಅಷ್ಟಕ್ಕೇ ಬಿಡದೆ ಸೇರಿಸಿದಳು: “ಆದ್ರ ಭಾಳ ಸಾವಕಾಶ. ಅವರು ಒಂದು ಪದ ಮುಗಿಸೂದ್ರಾಗ ನಮ್ಮ ರೇವವ್ವ ಒಂದು ಚೀಲ ಜ್ವಾಳ ಬೀಸ್ತಾಳ.”

ಮಾಸ್ತರರು ಬಹಳ ಹೊತ್ತು ನಕ್ಕರು. ನಡುವೆ ಮೂಗು ಎಳೆದುಕೊಂಡದ್ದೂ ಅವಳಿಗೆ ಕೇಳಿಸಿತು. ಮಷೀನು ಚೆನ್ನಾಗಿತ್ತು. ಅದೇ ಮಷೀನು ಹಾಕಿಕೊಂಡು ರೇವವ್ವನನ್ನು ಕೇಳಿದಾಗ, ಅವಳು ಮೇಲಿನ ಸ್ವರದಲ್ಲಿ ಆಗಾಗ ಚೂರು ಜಾರುತ್ತಾಳೆ ಎಂಬುದು ಗೊತ್ತಾಯಿತು. ಆ ವಿಷಯವನ್ನು ಮಾಸ್ತರರಿಗೆ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಈಗ ಗಿರಣಿಯಲ್ಲಿ ಸುನಂದಾ ಕಿವಿಯ ಮೇಲೆ ಸದ್ದು ತಡೆಯುವ ದಪ್ಪ ಮುಚ್ಚಳಗಳ ಪಟ್ಟಿಯೊಂದನ್ನು ಹಾಕಿಕೊಂಡಿರುತ್ತಾಳೆ. ಖಂಡೆಪ್ಪ ತಂದುಕೊಟ್ಟದ್ದು. ಹಾಡು ಅವಳಿಗೆ ಕೇಳುವುದಿಲ್ಲ. ಗಿರಣಿಯಲ್ಲಿ ಹಾಡಿಲ್ಲದಿದ್ದರೆ ಹಿಟ್ಟು ಸಪ್ಪೆಯಾಗುತ್ತದೆ ಎಂದು ಹೆಂಗಸರು ತಕರಾರು ತೆಗೆದದ್ದರಿಂದ, ದನಿ ಸ್ವಲ್ಪ ಇಳಿಸಿ ಅವರಿಗಾಗಿ ಹಾಕುತ್ತಾಳೆ. ತಾನು ಕೇಳುವುದೆಲ್ಲ ಸಂಜೆ ಗಿರಣಿ ನಿಂತ ಮೇಲೆ ಮತ್ತು ಸೋಮವಾರ. ಇತ್ತೀಚೆಗೆ ಅವಳು ಒಂದು ಸೀಡಿ ಜೋಡಿಸಿದಳು. ಮೊದಲು ರೇವವ್ವ, ಆಮೇಲೆ ಕವ್ವಾಲಿ, ಆಮೇಲೆ ನಾಟಕದ ಹಾಡು, ಹೀಗೆ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕಿವಿ ಹದಕ್ಕೆ ಬಂದ ಮೇಲೆ ಕೊನೆಯಲ್ಲಿ ಬುವಾ. ಮೂವರಿಗೂ ಕಳಿಸಿದಳು. ಯಾಸ್ಮಿನ ಹೊಗಳಿದಳು. ಖಂಡೆಪ್ಪ ಒಂದು ಮದುವೆಯಲ್ಲಿ ಹಾಕಿ ಬೈಸಿಕೊಂಡ. ಮಾಸ್ತರರು ಕೊನೆಯ ಹಾಡು ಬಹಳ ಚಲೋ ಇದೆ, ಮೊದಲಿನದನ್ನು ಕೇಳದೆ ದಾಟಿಸಿಬಿಟ್ಟೆ ಎಂದರು.

ಅದರ ಮರುವಾರ ಇಂಡಿಯಿಂದ ಮತ್ತೊಂದು ಫೋನು ಬಂತು. ತುಳಸೀಬಾಯಿ. ಕಾರಿನಲ್ಲಿ ಇವರು ಆ ಮೊದಲ ಹಾಡನ್ನು ದಾಟಿಸುವ ಮುನ್ನ ನಾಲ್ಕು ಸಾಲು ಕೇಳಿದೆ, ಮನೆ ಕೆಲಸ ಮಾಡುವಾಗ ಅದೇ ಬಾಯಿಗೆ ಬರುತ್ತಿದೆ, ಆಕೆಯವೇ ಹಾಡುಗಳಿರುವ ಸೀಡಿಯೊಂದು ಸಿಕ್ಕೀತೇ ಎಂದು ಕೇಳಿದರು. ಆಮೇಲೆ ದನಿ ಇಳಿಸಿದರು. ಇಳಿಸಿದ ಆ ದನಿಯ ಒಂದೊಂದು ಅಕ್ಷರವೂ ಸುನಂದಾಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಇವರ ಮುಂದ ಹೇಳಬ್ಯಾಡ್ರಿ ಅಕ್ಕಾರ. ಮೂವತ್ತು ವರ್ಷ ಆತು, ಮನ್ಯಾಗ ಬರೇ ಬುವಾನೇ ನಡದಾರ.”

ಸುನಂದಾ ಅದೇ ವಾರ, ರೇವವ್ವ ಎಲ್ಲಿಯೂ ಜಾರದ ಪದಗಳನ್ನಷ್ಟೇ ಆರಿಸಿ ಯಾಸ್ಮಿನಳಿಂದ ಮಾಡಿಸಿದ ಸೀಡಿಯೊಂದನ್ನು ಜೋಳದ ಹಿಟ್ಟಿನ ಚೀಲದೊಳಗೆ ಹುದುಗಿಸಿ, ಬಾಯಿ ಹೊಲಿದು, ಮೇಲೆ ತುಳಸೀಬಾಯಿಯವರ ಕೈಗೇ ಕೊಡಬೇಕು ಎಂದು ದೊಡ್ಡದಾಗಿ ಬರೆದು, ಇಂಡಿಯ ಬಸ್ಸಿಗೆ ಹಾಕಿ ಬಂದಳು.